ಹಳೇ ಬಾಗಿಲಿನ ಮಾರ್ಟಿಸ್ ಲಾಕ್: ರಿಪೇರಿನಾ, ಹೊಸದಾ?

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಬಾಗಿಲಿನ ಅಂಚು ಕೊರೆದು ಒಳಗೆ ಕೂರಿಸಿದ ಬೀಗ ಇರುತ್ತದೆ. ಅದೇ ಮಾರ್ಟಿಸ್ ಲಾಕ್. ಕೀ ತಿರುಗದಿದ್ದರೆ ಸುಮ್ನೆ ಹೊಸದು ತರಬೇಡಿ. ಮೊದಲು ಬಾಗಿಲು ತೆರೆದಿಟ್ಟು ಕೀ ತಿರುಗಿಸಿ. ಸಲೀಸಾಗಿ ತಿರುಗಿತಾ? ಹಾಗಾದರೆ ಬೀಗದ್ದು ತಪ್ಪಲ್ಲ. ಮಳೆಗಾಲಕ್ಕೆ ಮರ ಉಬ್ಬಿದೆ, ಇಲ್ಲವೇ ಹಿಂಜ್ ಸಡಿಲವಾಗಿ ಬಾಗಿಲು ಜೋತಿದೆ. ಸ್ಕ್ರೂ ಬಿಗಿ ಮಾಡಿ, ಬೀಗದ ನಾಲಿಗೆ ಕೂರುವ ಚೌಕಟ್ಟಿನ ತಗಡನ್ನು ಸ್ವಲ್ಪ ಸರಿಸಿದರೆ ಸಾಕು.

ತೆರೆದಾಗಲೂ ಬಿಗಿಯಾಗಿದ್ದರೆ ಬೀಗ ಬಿಚ್ಚಿಸಿ. ಎಷ್ಟೋ ಸಲ ಒಳಗೆ ಧೂಳು, ಒಣಗಿದ ಎಣ್ಣೆ, ಮುರಿದ ಒಂದು ಸ್ಪ್ರಿಂಗ್ ಅಷ್ಟೇ ಇರುತ್ತದೆ. ಇದಕ್ಕೆ ರಿಪೇರಿಯೇ ಸರಿ. ಕೀ ತೂತಿಗೆ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಧೂಳು ಅಂಟುತ್ತದೆ. ಗ್ರಾಫೈಟ್ ಪುಡಿ ಹಾಕಿ.

ಹೊಸದು ಹಾಕುವಾಗಿನ ತಲೆನೋವು ಅಳತೆ. ಬೀಗದ ಪೆಟ್ಟಿಗೆಯ ಎತ್ತರ, ಆಳ, ಬಾಗಿಲಂಚಿನಿಂದ ಕೀ ತೂತಿಗೆ ಇರುವ ದೂರ, ಹ್ಯಾಂಡಲ್‌ನಿಂದ ಕೀ ತೂತಿಗೆ ಇರುವ ದೂರ, ನಾಲ್ಕೂ ಹೊಂದಬೇಕು. ಈಗ ಜಾಸ್ತಿ ಸಿಗುವುದು ಹ್ಯಾಂಡಲ್‌ನಿಂದ ಕೀಗೆ 85 ಮಿ.ಮೀ. ಇರುವ ಬೀಗ. ಹಳೆಯದರ ಅಳತೆ ಬೇರೆ ಇದ್ದರೆ ತೇಗದ ಬಾಗಿಲು ಮತ್ತೆ ಕೊರೆಯಬೇಕು, ಹಳೇ ತೂತು ಮುಚ್ಚಬೇಕು. ನೋಡಲು ಚೆನ್ನಾಗಿರಲ್ಲ. ಅಂಗಡಿಗೆ ಹೋಗುವಾಗ ಹಳೇ ಬೀಗವನ್ನೇ ಕೈಯಲ್ಲಿ ಹಿಡಿದುಕೊಳ್ಳಿ.

ಆದರೂ ಕೀ ತಿರುಗಿಸಿದಾಗ ಮೇಲೇಳುವ ಒಳಗಿನ ತಗಡುಗಳು, ಅಂದರೆ ಲಿವರ್‌ಗಳು ಸವೆದು ಬೇರೆ ಕೀಗೂ ತೆರೆದುಕೊಂಡರೆ, ಅಥವಾ ಪೆಟ್ಟಿಗೆಯೇ ಬಿರುಕು ಬಿಟ್ಟಿದ್ದರೆ, ನಾನಾದರೆ ಹೊಸದನ್ನೇ ಹಾಕಿಸುತ್ತೇನೆ. ಹಿತ್ತಾಳೆ ಹ್ಯಾಂಡಲ್ ಮಾತ್ರ ಎಸೆಯಲ್ಲ. ಅದರ ತೂಕ ಈಗಿನದ್ದಕ್ಕೆಲ್ಲಿದೆ?