ಆಕ್ಟಿವಾ, ಜುಪಿಟರ್ 125, ಎಕ್ಸೆಲ್ 100: ದೂರದ ದಾರಿಗೆ ಯಾವುದು?

ಚಿಕ್ಕಬಳ್ಳಾಪುರದಲ್ಲಿ ಹೆದ್ದಾರಿ ಹತ್ತಿ ಉತ್ತರಕ್ಕೆ ತಿರುಗಿದರೆ ಅದೇ 44ನೇ ನಂಬರಿನ ರಸ್ತೆ ಬಾಗೇಪಲ್ಲಿ, ಅನಂತಪುರ, ಹೈದರಾಬಾದ್, ನಾಗಪುರ, ದೆಹಲಿ ದಾಟಿ ಶ್ರೀನಗರ ಮುಟ್ಟಿಸುತ್ತದೆ. ಸಣ್ಣ ಗಾಡಿಯಲ್ಲಿ ದೇಶ ಸುತ್ತಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಹೊರಡುವ ಜಾಗ ಸಿಗುವುದು ಕಷ್ಟ. ಹೋಂಡಾದ ಆಕ್ಟಿವಾ, ಟಿವಿಎಸ್‌ನ ಜುಪಿಟರ್ ಎಂಬ ಎರಡು ಸ್ಕೂಟರು, ಟಿವಿಎಸ್‌ನದೇ ಎಕ್ಸೆಲ್ ಮೊಪೆಡ್ಡು, ಈ ಮೂರು ಗಾಡಿಗಳಿಗೂ ಸಾಮಾನು ಹೇರಿ, ಅನಂತಪುರದವರೆಗಿನ ಹೆದ್ದಾರಿಯಲ್ಲೂ ನಂದಿ ಬೆಟ್ಟದ ತಿರುವುಗಳಲ್ಲೂ ಓಡಿಸಿ ನೋಡಿದ ಲೆಕ್ಕ ಇದು.

ಎಲ್ಲರೂ ಮೊದಲು ಕೇಳುವುದು ಸಿಸಿ. ನಾವು ಮೊದಲು ನೋಡಿ ಅನ್ನುವುದು ಹಿಂದಿನ ಚಕ್ರ. ಆಕ್ಟಿವಾ 110ರ ಹಿಂದಿನ ಟಯರು 90/100-10, ಅಂದರೆ ಹತ್ತು ಇಂಚಿನ ರಿಮ್ಮು. ಜುಪಿಟರ್ 125ಕ್ಕೆ ಹಿಂದೆ ಮುಂದೆ ಎರಡೂ ಕಡೆ 90/90-12. ಎಕ್ಸೆಲ್‌ಗೆ ಹದಿನಾರು ಇಂಚು. ಲೆಕ್ಕ ಹಾಕಿದರೆ ಒಂದು ಕಿಲೋಮೀಟರಿಗೆ ಆಕ್ಟಿವಾದ ಹಿಂದಿನ ಚಕ್ರ ಸುಮಾರು 730 ಸುತ್ತು, ಜುಪಿಟರ್‌ನದು 680, ಎಕ್ಸೆಲ್‌ನದು 600 ಸುತ್ತು ತಿರುಗುತ್ತದೆ. ಸಣ್ಣ ಚಕ್ರ ಹೆಚ್ಚು ತಿರುಗುತ್ತದೆ, ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಗುಂಡಿಗೆ ಇಳಿದರೆ ಆಳಕ್ಕೆ ಇಳಿಯುತ್ತದೆ. ಸ್ಕೂಟರಿನಲ್ಲಿ ಎಂಜಿನ್ನು, ಸವಾರ, ಗಂಟುಮೂಟೆ ಎಲ್ಲದರ ಭಾರ ಹಿಂದೆಯೇ ಬೀಳುವುದರಿಂದ ಪೆಟ್ಟೂ ಅಲ್ಲಿಗೇ. ಭಾರ ಹೇರಿದ ಮೇಲೂ ಗಾಳಿ ಹಳೇ ಲೆಕ್ಕದಲ್ಲೇ ಉಳಿದರೆ ಟಯರಿನ ಪಕ್ಕ ಮಡಚಿ ಮಡಚಿ ಬಿಸಿಯಾಗುತ್ತದೆ. ಆಕ್ಟಿವಾಕ್ಕೆ ಒಬ್ಬರೇ ಇದ್ದರೆ ಮುಂದೆ 22, ಹಿಂದೆ 29 ಪಿಎಸ್‌ಐ. ಸಾಮಾನು ಕಟ್ಟಿದ ಮೇಲೆ ಹಿಂದಿನ ಟಯರಿಗೆ ಇಬ್ಬರಿಗೆ ಹೇಳಿದ 36 ಹಾಕಿ. ಬೆಳಗ್ಗೆ ಟಯರು ತಣ್ಣಗಿರುವಾಗಲೇ ನೋಡಬೇಕು.

ಪಂಕ್ಚರ್ ವಿಷಯದಲ್ಲಿ ಸ್ಕೂಟರುಗಳೆರಡೂ ಟ್ಯೂಬ್‌ಲೆಸ್. ಮೊಳೆ ಕಿತ್ತು, ರಬ್ಬರ್ ಸ್ಟ್ರಿಪ್ ತುರುಕಿ, ಕೈ ಪಂಪಿನಲ್ಲಿ ಗಾಳಿ ತುಂಬಿದರೆ ಹತ್ತು ಹದಿನೈದು ನಿಮಿಷದ ಕೆಲಸ. ಚಕ್ರ ಬಿಚ್ಚುವ ಪರಿಸ್ಥಿತಿ ಬಂದರೆ ಮಾತ್ರ ಸೈಲೆನ್ಸರ್ ಕಳಚಬೇಕು, ಅದು ರಸ್ತೆ ಬದಿಯ ಕೆಲಸವಲ್ಲ. ಕಡ್ಡಿ ಚಕ್ರದ ಎಕ್ಸೆಲ್‌ಗೆ ಟ್ಯೂಬು ಇರುವುದರಿಂದ ಗಾಳಿ ಒಮ್ಮೆಲೇ ಹೋಗುತ್ತದೆ. ಆದರೆ ಯಾವ ಹಳ್ಳಿಯ ಸೈಕಲ್ ಅಂಗಡಿಯವರೂ ಹಾಕಿಕೊಡುತ್ತಾರೆ.

ಇನ್ನು ಬೆಲ್ಟು, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ರಬ್ಬರ್ ಪಟ್ಟಿ. ಸ್ಕೂಟರಿನಲ್ಲಿ ದೂರದ ಪ್ರಯಾಣ ಕೆಡಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಇದೇ. ಗಂಟೆಗಟ್ಟಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದರೆ, ಅಥವಾ ಭಾರದೊಂದಿಗೆ ನಿಧಾನವಾಗಿ ಘಾಟಿ ಹತ್ತಿಸಿದರೆ, ಬೆಲ್ಟಿನ ಪಕ್ಕಗಳು ಕಾದು ಗಾಜಿನಂತೆ ನುಣುಪಾಗುತ್ತವೆ. ಆಗ ಎಂಜಿನ್ನು ಕೂಗುತ್ತದೆ, ಗಾಡಿ ಓಡುವುದಿಲ್ಲ. ಹೊರಡುವಾಗ ಗಡಗಡ ನಡುಗಿದರೆ ಕ್ಲಚ್ ಶೂ (ಎಂಜಿನ್ನಿನ ವೇಗ ಏರಿದಾಗ ತಾನೇ ಹಿಡಿದುಕೊಳ್ಳುವ ಕ್ಲಚ್ಚಿನ ಭಾಗ) ನೋಡಿಸಿ. ಒಂದು ವೇಗ ದಾಟಿ ಮೇಲೇರದೆ ನಿಂತರೆ ಬೆಲ್ಟಿನ ಪುಲ್ಲಿಯೊಳಗಿನ ರೋಲರುಗಳು ಒಂದು ಕಡೆ ಚಪ್ಪಟೆಯಾಗಿವೆಯೇ ನೋಡಿಸಿ. ಬೇರೆ ಬೆಲ್ಟು ಜೊತೆಗಿಲ್ಲದೆ ಇದ್ದದ್ದು ಹರಿದರೆ ತಳ್ಳುವುದೊಂದೇ ದಾರಿ. ಎಕ್ಸೆಲ್‌ನಲ್ಲಿ ಈ ಚಿಂತೆಯೇ ಇಲ್ಲ: ಒಂದೇ ಗೇರು, ಚೈನು. ಚೈನಿನ ತುದಿಗಳನ್ನು ಸೇರಿಸುವ ಕೊಂಡಿ, ಅಂದರೆ ಚೈನ್ ಲಾಕ್, ಒಂದು ಜೇಬಿನಲ್ಲಿದ್ದರೆ ಸಾಕು. ಚಿಂತಾಮಣಿ, ಶ್ರೀನಿವಾಸಪುರ ಕಡೆ ಟೊಮೆಟೊ ಕ್ರೇಟು, ಹಾಲಿನ ಕ್ಯಾನು ಹೊರುವುದಕ್ಕೆ ರೈತರು ಇದನ್ನು ನೆಚ್ಚಿಕೊಂಡಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಎಕ್ಸೆಲ್ಲೇ ಒಳ್ಳೆಯದಲ್ಲವೇ? ಹೆದ್ದಾರಿಗೆ ಅಲ್ಲ. ನಾಲ್ಕೂ ಚಿಲ್ಲರೆ ಕುದುರೆಶಕ್ತಿಯಲ್ಲಿ 45–50ರ ಓಟವೇ ಅದಕ್ಕೆ ಹಿತ. ಲಾರಿಗಳು 70ರಲ್ಲಿ ಬರುವ ಜಾಗದಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕುವವರೇ, ಪ್ರತಿ ಲಾರಿಯ ಗಾಳಿಗೂ ಗಾಡಿ ಅಲ್ಲಾಡುತ್ತದೆ. ಲಡಾಖಿನ ಎತ್ತರದಲ್ಲಂತೂ ಗಾಳಿಯ ಒತ್ತಡ ಅರ್ಧಕ್ಕೆ ಬಂದರೆ ಶಕ್ತಿಯೂ ಹೆಚ್ಚುಕಡಿಮೆ ಅರ್ಧ. ಇಂಧನ ಇಂಜೆಕ್ಷನ್ ಇದ್ದರೆ ಪೆಟ್ರೋಲು-ಗಾಳಿಯ ಮಿಶ್ರಣ ಸರಿಹೋದೀತು, ಹೋದ ಶಕ್ತಿ ಬರದು. ಹಳೇ ರಾಜ್ಯ ಹೆದ್ದಾರಿಗಳಲ್ಲೇ, ದಿನಕ್ಕೆ 200 ಕಿ.ಮೀ. ಸಾಕು ಅನ್ನುವವರಿಗೆ ಎಕ್ಸೆಲ್ ಚಿನ್ನ.

ಪೆಟ್ರೋಲ್ ಟ್ಯಾಂಕು: ಆಕ್ಟಿವಾ 5.3 ಲೀಟರ್, ಜುಪಿಟರ್ 5.1, ಎಕ್ಸೆಲ್ 4. ಸ್ಕೂಟರುಗಳು 55ರ ಓಟದಲ್ಲಿ ಲೀಟರಿಗೆ 50ರ ಆಸುಪಾಸು ಕೊಡುತ್ತವೆ, 75ಕ್ಕೆ ಎಳೆದರೆ 40ಕ್ಕೆ ಇಳಿಯುತ್ತವೆ. 150 ಕಿ.ಮೀ. ಆದ ಮೇಲೆ ಕಂಡ ಮೊದಲ ಬಂಕಿಗೆ ತಿರುಗಿಸಿ. ಆಕ್ಟಿವಾದ ಮುಚ್ಚಳ ಹಿಂದಿರುವುದರಿಂದ ಬ್ಯಾಗು ಅಡ್ಡ ಬಂದು ಪ್ರತಿ ಸಲ ಹಗ್ಗ ಬಿಚ್ಚಬೇಕಾಗುತ್ತದೆ. ಜುಪಿಟರ್‌ಗೆ ಟ್ಯಾಂಕು ಕಾಲಿಡುವ ಜಾಗದ ಕೆಳಗೆ, ಮುಚ್ಚಳ ಮುಂದೆ. ಅದರಿಂದಲೇ ಸೀಟಿನ ಕೆಳಗೆ 33 ಲೀಟರಿನ ಡಿಕ್ಕಿ ಸಿಕ್ಕಿದೆ, ಭಾರವೂ ತಗ್ಗಿನಲ್ಲಿದೆ.

ಇಳಿಜಾರಿನಲ್ಲಿ ಮೂರಕ್ಕೂ ಒಂದೇ ಎಚ್ಚರ. ವೇಗ ತೀರಾ ಇಳಿದಾಗ ತಾನೇ ಹಿಡಿದು ಬಿಡುವ ಇವುಗಳ ಕ್ಲಚ್ ಬಿಟ್ಟುಕೊಂಡು ಗಾಡಿ ಸುಮ್ಮನೆ ಉರುಳತೊಡಗುತ್ತದೆ, ಪೂರ್ತಿ ಹೊರೆ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾಯುತ್ತದೆ. ಒಂದಿಷ್ಟೇ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಹಿಡಿಸಿ, ಮತ್ತೆ ಬಿಟ್ಟರೆ ಎಂಜಿನ್ನು ಹಿಡಿದೆಳೆಯುತ್ತದೆ. ನಂದಿ ಬೆಟ್ಟದಲ್ಲಿ ಎರಡು ಸಲ ಇಳಿದು ಇದನ್ನು ಕೈಗೆ ರೂಢಿ ಮಾಡಿಕೊಳ್ಳಿ.

ಶ್ರೀನಗರದವರೆಗೆ ಹೋಗುವವರಿಗೆ ನಮ್ಮ ಆಯ್ಕೆ ಜುಪಿಟರ್ 125. ಮನೆಯಲ್ಲಿ ಆಕ್ಟಿವಾ ಇದ್ದರೆ ಹೊಸದು ಕೊಳ್ಳಬೇಕಿಲ್ಲ, ಹಿಂದಿನ ಟಯರು ಹೊಸದಾಗಿರಲಿ ಅಷ್ಟೇ. ಯಾವ ಸ್ಕೂಟರಾದರೂ 20,000 ಕಿ.ಮೀ. ದಾಟಿದ್ದರೆ ಬೆಲ್ಟು, ರೋಲರು ಬದಲಿಸಿ, ಊರ ಸುತ್ತ 300 ಕಿ.ಮೀ. ಓಡಿಸಿದ ಮೇಲೆಯೇ ಹೊರಡಿ. ಬಿಚ್ಚಿದ ಹಳೇ ಬೆಲ್ಟಿನಲ್ಲಿ ಬಿರುಕಿಲ್ಲದಿದ್ದರೆ ಬಿಸಾಡಬೇಡಿ, ಡಿಕ್ಕಿಯ ತಳಕ್ಕೆ ಹಾಕಿಕೊಳ್ಳಿ. ದಾರಿಯಲ್ಲಿ ಹೊಸದು ಹರಿದರೆ ಮುಂದಿನ ಊರಿನವರೆಗೆ ಅದೇ ಎಳೆಯುತ್ತದೆ.