ಕುಳಿತಲ್ಲೇ ಹತ್ತು ಸಾವಿರ ಹೆಜ್ಜೆ: ಒಬ್ಬ ಗಣಿತ ಶಿಕ್ಷಕಿ ಲೆಕ್ಕ ತಪ್ಪಿದ್ದು

ಕಳೆದ ವಾರ ಗದಗಿನಿಂದ ತಂಗಿ ಫೋನ್ ಮಾಡಿದ್ದಳು. “ಅಕ್ಕಾ, ನಮ್ಮ ಓಣಿಯ ಹತ್ತಿರ ಹೊಸದಾಗಿ ಒಂದು ಆರೋಗ್ಯ ಕೇಂದ್ರ ತೆರೆದಿದ್ದಾರೆ. ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ, ಪೂರಾ ಪುಕ್ಕಟೆ. ಯಂತ್ರದ ಮೇಲೆ ಕಾಲಿಟ್ಟು ಅರ್ಧ ಗಂಟೆ ಕುಳಿತರೆ ಹತ್ತು ಸಾವಿರ ಹೆಜ್ಜೆ ನಡೆದ ಹಾಗೆ ಆಗುತ್ತದಂತೆ. ನನ್ನ ಟೋಕನ್ ನಂಬರು 14.”

ಅದೇ ಅರ್ಧ ಗಂಟೆ, ಅದೇ ಹತ್ತು ಸಾವಿರ. ನನ್ನ ಎಡಗೈ ಮಣಿಕಟ್ಟು ಮುರಿದಾಗ “ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟೆ” ಎಂದಷ್ಟೇ ಅವಳಿಗೆ ಹೇಳಿದ್ದೆ. ಉಳಿದದ್ದನ್ನು ನಾಚಿಕೆಯಿಂದ ನುಂಗಿಕೊಂಡಿದ್ದೆ. ಅದನ್ನು ಈಗ ಬರೆಯುತ್ತಿದ್ದೇನೆ. ನಾನು ಹೋಗುತ್ತಿದ್ದ ಕೇಂದ್ರದ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಊರು ಬದಲಾದರೆ ಫಲಕವನ್ನೂ ಬದಲಾಯಿಸುವವರು ಅವರು.

ನನಗೆ ಅರವತ್ತನಾಲ್ಕು ವರ್ಷ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ಮರುದಿನದಿಂದಲೇ ನಾನು ಮತ್ತು ಪಕ್ಕದ ಮನೆಯ ವೈನಿ ಬೆಳಿಗ್ಗೆ ಆರಕ್ಕೆ ಉಣಕಲ್ ಕೆರೆಗೆ ಹೋಗುತ್ತಿದ್ದೆವು. ನಲವತ್ತು ನಿಮಿಷ ನಡಿಗೆ, ಇಪ್ಪತ್ತು ನಿಮಿಷ ಕಟ್ಟೆಯ ಮೇಲೆ ಸೊಸೆಯಂದಿರ ಪುರಾಣ. ಮೂರು ವರ್ಷ ತಪ್ಪಿಸಿದ್ದು ಕಡಿಮೆ. ಮೊಣಕಾಲು ಒಂದಿಷ್ಟು ಗೊಣಗುತ್ತಿತ್ತು, ಅಷ್ಟೇ.

ಹೋದ ವರ್ಷ ಮಳೆಗಾಲದ ಶುರುವಿನಲ್ಲಿ ದಿನಪತ್ರಿಕೆಯ ಮಡಿಕೆಯೊಳಗಿಂದ ಒಂದು ಹಳದಿ ಕರಪತ್ರ ಜಾರಿಬಿತ್ತು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಬಿ.ಪಿ., ನಿದ್ರಾಹೀನತೆ ಎಲ್ಲಕ್ಕೂ ಒಂದೇ ಯಂತ್ರ. ದಾರಿಯೆಲ್ಲ ರಾಡಿಯಾಗಿತ್ತು, ಕೆರೆಗೆ ಹೋಗಲು ಬೇಸರ. “ನೋಡಿಕೊಂಡು ಬರೋಣ, ಪುಕ್ಕಟೆ ತಾನೆ” ಎಂದು ವೈನಿಯನ್ನು ಹೊರಡಿಸಿದವಳು ನಾನೇ.

ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಒಂದು ದೊಡ್ಡ ಕೋಣೆ. ಎರಡು ಸಾಲು ಕುರ್ಚಿ, ಪ್ರತಿಯೊಂದರ ಮುಂದೆ ಗಡಗಡ ಅದುರುವ ಒಂದು ಪೆಟ್ಟಿಗೆ. ಅದರ ಮೇಲೆ ಪಾದ ಇಡಬೇಕು. ಒಳಗೆ ಬಿಸಿಯ ತಟ್ಟೆಯೂ ಇತ್ತು. ಗೋಡೆಯುದ್ದಕ್ಕೆ ಬೆನ್ನು ಉಜ್ಜುವ ನಾಲ್ಕು ಮಂಚ. ಬಾಗಿಲಲ್ಲಿ ಟೋಕನ್ ಕೊಡುವ ಹುಡುಗ ನನ್ನನ್ನು ಒಮ್ಮೆ ನೋಡಿ, “ಬನ್ನಿ ಅಕ್ಕಾರೇ, ನೀವು ಶಾಲೆಯಲ್ಲಿ ಇದ್ದವರೇ ಇರಬೇಕು” ಎಂದ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಆ ಹೆಸರಿನಿಂದ ಕರೆಯುವವರೇ ಇರಲಿಲ್ಲ. ನಾನು ಸೋತದ್ದು ಅಲ್ಲೇ. ಯಂತ್ರಕ್ಕೆ ಸೋತದ್ದು ಆಮೇಲೆ.

ಆ ಹುಡುಗರನ್ನು ಬರೀ ಕಳ್ಳರು ಎಂದು ಬೈದು ಮುಗಿಸಲು ನನಗೆ ಆಗುವುದಿಲ್ಲ. ಯಾರ ಮೊಮ್ಮಗನಿಗೆ ಜ್ವರ, ಯಾರ ಮಗಳು ಬೆಂಗಳೂರಿನಿಂದ ಫೋನ್ ಮಾಡಿಲ್ಲ, ಎಲ್ಲ ಅವರಿಗೆ ಗೊತ್ತು. ಒಂದು ದಿನ ಹೋಗದಿದ್ದರೆ ಹನ್ನೊಂದು ಗಂಟೆಗೆ ಫೋನ್: “ಅಕ್ಕಾರೇ, ಆರಾಮ ಇದ್ದೀರಲ್ಲ?” ನನ್ನ ಮಗ ಹಾಗೆ ಕೇಳಿ ಎಷ್ಟು ದಿನವಾಗಿತ್ತೋ. ಅಲ್ಲಿ ಕುಳಿತಿದ್ದ ಮೂವತ್ತು ಜನರಲ್ಲಿ ಅರ್ಧದಷ್ಟು ಮಂದಿ ಮೊಣಕಾಲಿಗಾಗಿ ಬಂದವರಲ್ಲ, ಈ ಮಾತಿಗಾಗಿ ಬಂದವರು.

ದಿನವೂ ಕೊನೆಯ ಹತ್ತು ನಿಮಿಷ ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬರು ಎದ್ದು ತಮಗಾದ ಗುಣ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಹದಿನೈದನೆಯ ದಿನ ನಾನೂ ಎದ್ದೆ. “ಮೊಣಕಾಲು ಹಗುರಾಗಿದೆ” ಎಂದೆ. ನಿಜವಾಗಿಯೂ ಹಗುರಾಗಿತ್ತು. ನಡೆಯುವುದನ್ನು ಬಿಟ್ಟಿದ್ದೆನಲ್ಲ, ನೋಯಲು ಅದಕ್ಕೆ ಕಾರಣವೇನಿತ್ತು!

ನಲವತ್ತು ದಿನ ಬೆಲೆಯ ಮಾತೇ ಇಲ್ಲ. ನಲವತ್ತೊಂದನೆಯ ದಿನ ಧಾರವಾಡ ಪೇಡೆ ಹಂಚಿ, ಯಂತ್ರದ ಬೆಲೆ 52,000 ರೂಪಾಯಿ, ಈ ಕೋಣೆಯಲ್ಲಿ ಕುಳಿತವರಿಗೆ ಮಾತ್ರ, ಇಂದು ಮಾತ್ರ 46,500 ಎಂದರು. ಬೆನ್ನಿನ ಮಂಚ ಅದರ ಮೂರು ಪಟ್ಟು. ನಾನು ಠೇವಣಿ ಮುರಿಸಿ ನಗದು ಕೊಟ್ಟೆ. ನಗದು ಕೊಟ್ಟರೆ ಇನ್ನೂ ಸಾವಿರ ಕಡಿಮೆ ಎಂದಿದ್ದರು. ವೈನಿ ಮಂಚವನ್ನೇ ತೆಗೆದುಕೊಂಡರು. ನನ್ನ ಮಾತು ಕೇಳಿ ಅಲ್ಲಿಗೆ ಬಂದವರು ಒಟ್ಟು ಆರು ಜನ. ಮೋಸ ಹೋದವಳು ನಾನು ಎಂದು ಹೇಳುವಾಗ ಈ ಆರರ ಸಂಖ್ಯೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೇಶ್ವಾಪುರದ ಕಡೆಯ ಕಾಕಾ ಒಬ್ಬರಿದ್ದರು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಒಂದು ದಿನ ಬಿಸಿ ತಟ್ಟೆಯಿಂದ ಪಾದ ಎತ್ತಿದರೆ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಹೆಚ್ಚಿದ್ದು ವರ್ಷಗಟ್ಟಲೆ ಉಳಿದರೆ ಪಾದದ ನರಗಳು ಸತ್ತುಹೋಗಿ ಬಿಸಿ, ಚುಚ್ಚು ಯಾವುದೂ ತಿಳಿಯದಂತಾಗುತ್ತದೆ. ಅಂಥವರಿಗೆ ಬಿಸಿಯ ಶಾಖ ಕೊಡಬಾರದು ಎಂಬುದು ಯಾವ ನರ್ಸಿಗಾದರೂ ಗೊತ್ತಿರುವ ಮಾತು. ಆ ಹುಡುಗರು ಮಾತ್ರ “ವಿಷ ಹೊರಗೆ ಬರುತ್ತಿದೆ ಕಾಕಾ” ಎಂದರು. ಮರುದಿನದಿಂದ ಕಾಕಾ ಕಾಣಲಿಲ್ಲ. ಎರಡು ತಿಂಗಳು ಡ್ರೆಸಿಂಗ್ ಮಾಡಿಸಿಕೊಂಡರೆಂದು ಆಮೇಲೆ ಕೇಳಿದೆ. ಅಂದಾದರೂ ನನಗೆ ಬುದ್ಧಿ ಬರಬೇಕಿತ್ತು.

ಬರಲಿಲ್ಲ. ಯಂತ್ರ ಮನೆಗೆ ಬಂದ ಮೇಲೆ ಹೊರಗೆ ಹೋಗುವ ಕಾರಣವೇ ಉಳಿಯಲಿಲ್ಲ. ಸಂಜೆ ಧಾರಾವಾಹಿ ಹಚ್ಚಿ ಪಾದ ಇಟ್ಟರೆ ಆಯಿತು, ಆ ದಿನದ ಹತ್ತು ಸಾವಿರ ಹೆಜ್ಜೆ ಜಮಾ. ಹೀಗೆ ಏಳು ತಿಂಗಳು.

ಜನವರಿಯಲ್ಲಿ ಹಾವೇರಿ ಕಡೆಯ ಹಳ್ಳಿಯಲ್ಲಿ ಅಣ್ಣನ ಮೊಮ್ಮಗಳ ಕುಬಸ. ಜಮಖಾನೆಯ ಮೇಲೆ ಪಂಕ್ತಿ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು, ಯಾವುದಕ್ಕೂ ಕೊರತೆಯಿಲ್ಲ. ಊಟ ಮುಗಿದು ಎಲ್ಲರೂ ಎದ್ದರು. ನಾನು ಏಳಲು ಹೋದೆ, ಏಳಲಾಗಲಿಲ್ಲ. ನೋವೇನೂ ಇಲ್ಲ. ಕಾಲುಗಳು ನನ್ನವೇ ಅಲ್ಲವೆಂಬಂತೆ ಸುಮ್ಮನೆ ಮಲಗಿದ್ದವು. ಯಾರೂ ನೋಡಬಾರದೆಂದು ಇನ್ನೊಂದಿಷ್ಟು ಮಜ್ಜಿಗೆ ಅನ್ನ ಹಾಕಿಸಿಕೊಂಡು ಬೆರಳಿನಿಂದ ಎಳೆಯುತ್ತ ಕುಳಿತೆ. ಎಲೆ ತೆಗೆಯುವ ಹುಡುಗ ಎರಡು ಸಲ ಬಂದು ಹೋದ. ಮೂರನೆಯ ಸಲ ಬಂದಾಗ ಕೇಳಲೂ ಇಲ್ಲ, ಬಕೆಟ್ ಕೆಳಗಿಟ್ಟು ಎರಡೂ ಕಂಕುಳಲ್ಲಿ ಕೈಹಾಕಿ ಎತ್ತಿ ನಿಲ್ಲಿಸಿದ. “ಸಾವಕಾಶ ಅಜ್ಜಿ” ಎಂದ. ಒಂದು ವರ್ಷದ ಹಿಂದೆ ಇಂಥದೇ ಪಂಕ್ತಿಯಲ್ಲಿ ಬಡಿಸಲು ನಿಂತಿದ್ದವಳು ನಾನು.

ಮೂರು ವಾರದ ಮೇಲೆ ಬಚ್ಚಲಲ್ಲಿ ಬಿದ್ದೆ. ಸೋಪಿನದು ಸುಳ್ಳು. ಚರಿಗೆ ತೆಗೆದುಕೊಳ್ಳಲು ಬಗ್ಗಿದವಳಿಗೆ ಮೇಲೇಳುವಾಗ ತೊಡೆ ನಡುಗಿತು, ಕೈ ಊರಿದೆ, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿದರು. ಮೈನಸ್ 2.1 ಬಂತು. ಮೈನಸ್ 2.5 ಮುಟ್ಟಿದರೆ ಅದಕ್ಕೆ ಎಲುಬು ಟೊಳ್ಳಾಗುವ ಕಾಯಿಲೆ ಎಂದೇ ಹೆಸರು. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಹೆಂಗಸರ ಎಲುಬು ಬೇಗ ಸವೆಯುತ್ತದೆ, ಕಾಲುಗಳು ಮೈಯ ಭಾರ ಹೊತ್ತು ನಡೆದರೆ ಆ ಸವೆತ ನಿಧಾನವಾಗುತ್ತದೆ. ನಾನು ಆ ಭಾರ ಹೊರಿಸಿದ್ದು ಕುರ್ಚಿಯ ಮೇಲೆ.

ಫಿಜಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಮೊದಲ ದಿನ ಗೋಡೆಗೆ ತಾಗಿಸಿ ಒಂದು ಕುರ್ಚಿ ಇಟ್ಟಳು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದಳು. ಏಳು ಸಲ. ಅರವತ್ತರಿಂದ ಅರವತ್ತನಾಲ್ಕರ ಹೆಂಗಸರಿಗೆ ಹನ್ನೆರಡಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯವಿದೆ ಎಂದು ಲೆಕ್ಕ, ಗಂಡಸರಿಗೆ ಹದಿನಾಲ್ಕು. ಹನ್ನೆರಡಕ್ಕೆ ಏಳು ಎಂದರೆ ನೂರಕ್ಕೆ ಐವತ್ತೆಂಟು. ಶಾಲೆಯಲ್ಲಿ ಪಾಸು, ಇಲ್ಲಿ ನಪಾಸು.

ನಾನು ಯಂತ್ರದ ಸಂಗತಿ ಹೇಳಿದೆ. ಅವಳು ನಗಲಿಲ್ಲ, ಅದೊಂದು ಪುಣ್ಯ. “ಅಕ್ಕಾರೇ, ಪಂಚಮಿ ಜೋಕಾಲಿ ಆಡಿದ್ದೀರಲ್ಲ? ಒಬ್ಬರು ಜೀಕುತ್ತಾರೆ, ಒಬ್ಬರು ಸುಮ್ಮನೆ ಕುಳಿತಿರುತ್ತಾರೆ. ಇಬ್ಬರೂ ಅಷ್ಟೇ ಎತ್ತರ ಹೋಗಿ ಬರುತ್ತಾರೆ. ಮರುದಿನ ತೊಡೆ ಹಿಡಿದುಕೊಳ್ಳುವುದು ಯಾರಿಗೆ?” ಎಂದಳು. ಅಷ್ಟೇ. ಕಾಲನ್ನು ಯಂತ್ರ ಅಲುಗಿಸಿದರೆ ಸ್ನಾಯುವಿಗೆ ಕೆಲಸವಿಲ್ಲ. ಮೈಯ ಭಾರವನ್ನು ತಾನು ಎತ್ತಿದಾಗಲೇ ಅದಕ್ಕೆ ಕಸುವು. ಎತ್ತದಿದ್ದರೆ ಅದು ಕರಗುವ ವೇಗವೂ ನಮ್ಮ ವಯಸ್ಸಿನಲ್ಲಿ ಹೆದರಿಸುವಂಥದು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು.

ಆ ಹತ್ತು ಸಾವಿರವೂ ವೈದ್ಯರು ತೂಗಿ ಅಳೆದು ಕೊಟ್ಟ ಸಂಖ್ಯೆಯಲ್ಲವಂತೆ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಉಪಕರಣವನ್ನು ‘ಮಾನ್‌ಪೋ ಕೇಯ್’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬ ಹೆಸರಿನಲ್ಲಿ ಮಾರಿತು. ಸಂಖ್ಯೆ ಅಲ್ಲಿಂದ ಹಬ್ಬಿತು. ಮಾರಾಟದಲ್ಲಿ ಹುಟ್ಟಿದ್ದು ಅರವತ್ತು ವರ್ಷದ ಮೇಲೆ ಹುಬ್ಬಳ್ಳಿಯಲ್ಲೂ ಮಾರಾಟಕ್ಕೇ ಒದಗಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಬೇರೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವಂಥ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ, ಅರವತ್ತೈದು ದಾಟಿದವರಿಗೆ ಮೂರು ದಿನ ಮೈಯ ಸಮತೋಲ ಕಾಯುವ ಅಭ್ಯಾಸ. ಇದನ್ನು ಓದಿದಾಗ ಇನ್ನೊಂದು ಗೊತ್ತಾಯಿತು. ಕೆರೆಯ ಸುತ್ತ ನಡೆಯುತ್ತಿದ್ದಾಗಲೂ ನಾನು ಮಾಡುತ್ತಿದ್ದದ್ದು ಅರ್ಧ ಲೆಕ್ಕವೇ.

ಇನ್ನು ದುಡ್ಡಿನ ಮಾತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗನನ್ನು ಕರೆದುಕೊಂಡು ಆ ಮಾಳಿಗೆಗೆ ಹೋದೆ. ಶಟರ್ ಎಳೆದಿತ್ತು, ‘ಬಾಡಿಗೆಗೆ ಇದೆ’ ಎಂಬ ಚೀಟಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಬಿಲ್ಲು ಇದೆಯೇ ಎಂದು ಕೇಳಿದರು. ರಸೀದಿಯನ್ನು ಅಂದು ಮೊದಲ ಸಲ ಕನ್ನಡಕ ಹಾಕಿಕೊಂಡು ಓದಿದೆ. ಅದರಲ್ಲಿ ಯಂತ್ರ ಎಂಬ ಪದವೇ ಇಲ್ಲ. ‘ಆರೋಗ್ಯ ಸೇವಾ ಸದಸ್ಯತ್ವಕ್ಕಾಗಿ ಸ್ವ ಇಚ್ಛೆಯಿಂದ’ ಎಂದಿದೆ. ವಿಳಾಸವಿಲ್ಲ, ಜಿ.ಎಸ್‌.ಟಿ. ಸಂಖ್ಯೆ ಇಲ್ಲ, ಸಹಿ ಇರುವಲ್ಲಿ ಒಂದು ಹೂವಿನ ಗುರುತು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು, ಎರಡು ವರ್ಷದವರೆಗೆ ಅವಕಾಶವೂ ಇದೆ. ಆದರೆ ನೋಟಿಸ್ ಹೋಗಬೇಕಾದ್ದು ಯಾರಿಗೆ, ಯಾವ ಬಾಗಿಲಿಗೆ? ನಗದು ಕೊಟ್ಟಿದ್ದರಿಂದ ಬ್ಯಾಂಕಿನಲ್ಲೂ ಗುರುತಿಲ್ಲ. ಸಾವಿರ ಉಳಿಸಲು ಹೋಗಿ ನಲವತ್ತೈದೂವರೆ ಸಾವಿರದ ಸಾಕ್ಷಿ ಕಳೆದುಕೊಂಡೆ.

ಹಾಗಾಗಿ ನಿಮ್ಮ ಊರಿನಲ್ಲಿ ಇಂಥದ್ದು ತೆರೆದರೆ ಮೊದಲ ದಿನವೇ ಬೆಲೆ ಕೇಳಿ. “ಅದೆಲ್ಲ ಆಮೇಲೆ ಅಜ್ಜಾರೇ” ಎಂದರೆ ಚಪ್ಪಲಿ ಹಾಕಿಕೊಳ್ಳಿ. ದಿನಾ ಬರಲೇಬೇಕು ಎನ್ನುವುದು, ಮೈಕು ಹಿಡಿಸುವುದು, ಇಬ್ಬರು ಮೂವರ ಫೋನ್ ನಂಬರು ಬರೆಸಿಕೊಳ್ಳುವುದು, ಇವು ವೈದ್ಯಕೀಯವಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದು 1954ರ ಜಾಹೀರಾತು ಕಾನೂನಿನಲ್ಲಿ ಅಪರಾಧ. ಆ ಕರಪತ್ರ ಎಸೆಯಬೇಡಿ, ಅದೊಂದೇ ನಿಮ್ಮ ಕೈಲಿ ಉಳಿಯುವ ದಾಖಲೆ. ಮನೆಯಲ್ಲಿ ಹಿರಿಯರಿದ್ದರೆ ಅವರು ದಿನವೂ ಎಲ್ಲಿಗೆ ಹೋಗುತ್ತಾರೆ ಎಂದು ಒಮ್ಮೆ ಜೊತೆಗೆ ಹೋಗಿ ನೋಡಿ. ಬೈಯಬೇಡಿ. ಬೈದರೆ ಹೇಳದೆ ಹೋಗುತ್ತಾರೆ, ನಾನು ಹಾಗೇ ಹೋಗುತ್ತಿದ್ದೆ.

ಈಗ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತೇನೆ, ಬಾಗಿಲ ಚೌಕಟ್ಟಿನ ಪಕ್ಕ ಒಂಟಿ ಕಾಲಲ್ಲಿ ನಿಲ್ಲುತ್ತೇನೆ, ಕುರ್ಚಿಯಿಂದ ಎದ್ದು ಕೂರುತ್ತೇನೆ. ರಾತ್ರಿ ಬರೀ ರೊಟ್ಟಿ ಚಟ್ನಿಯಲ್ಲಿ ಮುಗಿಸುತ್ತಿದ್ದವಳು ಮಡಿಕೆಕಾಳಿನ ಪಲ್ಯ, ಮೊಸರು ತಪ್ಪಿಸುವುದಿಲ್ಲ. ನಾಲ್ಕು ತಿಂಗಳಿಗೆ ಏಳು ಹನ್ನೊಂದಾಗಿದೆ. ವೈನಿ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಅವರ ಮಂಚದ ಮೇಲೆ ಈಗ ಒಣಗಿದ ಬಟ್ಟೆಗಳ ರಾಶಿ ಇರುತ್ತದೆ. ಮೊನ್ನೆ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು, “ರಾಡಿ ಇದ್ದರೂ ಹೋಗೋಣ, ನಡೆಯಿರಿ” ಎಂದರು.

ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ನಾನು ಇನ್ನೂ ಏನೂ ಕೊಂಡಿಲ್ಲವಲ್ಲ ಅಕ್ಕಾ, ಸುಮ್ಮನೆ ಹೋಗಿ ಕೂರುತ್ತೇನೆ” ಎಂದಳು. ಇಂದಿಗೆ ಇಪ್ಪತ್ತಾರನೆಯ ದಿನವಂತೆ. ಈ ರವಿವಾರ ಗದಗಿಗೆ ಹೊರಟಿದ್ದೇನೆ. ಮನೆಯಲ್ಲಿ ಕೈಯಿಲ್ಲದ ಗಟ್ಟಿ ಕುರ್ಚಿ ಒಂದು ಇದೆಯೇ ನೋಡಿ ಇಡು ಎಂದಿದ್ದೇನೆ.