ವಾಸ್ಸರ್‌ಫ್ಲೂಟ್: ಎಡಗೈ ಬಲಗೈ ಜೊತೆಗೋ, ಅದರ ಹಿಂದೆಯೋ?

ಆಸ್ಟ್ರಿಯದ ಸಂಗೀತ ರಚನಕಾರ ಶೂಬರ್ಟ್ 1827ರಲ್ಲಿ ದನಿ ಮತ್ತು ಪಿಯಾನೋಗಾಗಿ ರಚಿಸಿದ ಹಾಡುಗಳ ಸರಣಿ ‘ವಿಂಟರ್‌ರೈಸ’ದ ಆರನೇ ಹಾಡು ‘ವಾಸ್ಸರ್‌ಫ್ಲೂಟ್’. ಹಿಮದ ಮೇಲೆ ಬಿದ್ದ ಕಣ್ಣೀರು ಕರಗಿ ಹಳ್ಳ ಸೇರಿ, ಊರು ಸುತ್ತಿ, ಪ್ರೇಯಸಿಯ ಮನೆ ಹತ್ತಿರ ಬಂದಾಗ ಬಿಸಿಯಾಗುತ್ತದೆ. ಹಾಡು ಚಿಕ್ಕದು, ನಿಧಾನ, 3/4 ತಾಳ. ಆದರೆ ಪಿಯಾನೋ ನುಡಿಸುವವರ ನಡುವೆ ಇದರ ಬಗ್ಗೆ ಇರುವ ಜಗಳ ಇನ್ನೂ ತೀರಿಲ್ಲ.

ಬಲಗೈಯಲ್ಲಿ ಒಂದು ಬೀಟ್‌ಗೆ ಮೂರು ಸ್ವರದ ಟ್ರಿಪ್ಲೆಟ್. ಎಡಗೈಯಲ್ಲಿ ಡಾಟೆಡ್ ಜೋಡಿ: ಒಂದು ಉದ್ದ, ಒಂದು ಗಿಡ್ಡ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಬಲಗೈ ತಿಶ್ರ ನಡೆ, ಎಡಗೈ ಚತುರಶ್ರ. ಬೀಟನ್ನು 12 ಭಾಗ ಮಾಡಿ: ಬಲಗೈ 1, 5, 9ಕ್ಕೆ ಬೀಳುತ್ತದೆ, ಎಡಗೈಯ ಗಿಡ್ಡ ಸ್ವರ 10ಕ್ಕೆ. ಅದನ್ನು ಹತ್ತರಲ್ಲೇ ಬಿಡಬೇಕೇ, ಒಂಬತ್ತಕ್ಕೆ ಎಳೆದು ಬಲಗೈಯೊಂದಿಗೆ ಸೇರಿಸಬೇಕೇ ಎಂಬುದೇ ತಕರಾರು.

ಸೇರಿಸುವವರ ಕೈಯಲ್ಲಿ ಗಟ್ಟಿ ಸಾಕ್ಷಿ ಇದೆ. ಶೂಬರ್ಟ್ ಕೈಬರಹದಲ್ಲಿ ಆ ಗಿಡ್ಡ ಸ್ವರ ಟ್ರಿಪ್ಲೆಟ್‌ನ ಮೂರನೆಯದರ ನೇರ ಕೆಳಗೆ ಕೂತಿದೆ. ಪಿಯಾನೋ ವಾದಕ ಆಲ್ಫ್ರೆಡ್ ಬ್ರೆಂಡೆಲ್ ಈ ಪಕ್ಷ. ಇನ್ನೊಬ್ಬ ಪಿಯಾನೋ ವಾದಕ ಜೆರಾಲ್ಡ್ ಮೂರ್ ಬಿಡಿಸಿ ನುಡಿಸುವ ಪಕ್ಷ. ಇಬ್ಬರೂ ಗಾಯಕ ಫಿಶರ್-ಡೀಸ್ಕೌ ಜೊತೆ ಇಡೀ ಸರಣಿ ರೆಕಾರ್ಡ್ ಮಾಡಿದವರು. ಒಂದರ ಹಿಂದೊಂದು ಕೇಳಿ ನೋಡಬಹುದು.

ನುಡಿಸಿ ನೋಡಿದಾಗ ನಿರ್ಣಯ ಮಾಡುವುದು ವೇಗ. ಮೆಟ್ರೊನೋಮ್ 50ರಲ್ಲಿ, ಅಂದರೆ ನಿಮಿಷಕ್ಕೆ 50 ಬೀಟ್ ವೇಗದಲ್ಲಿ, ಒಂದು ಬೀಟ್ 1.2 ಸೆಕೆಂಡ್, ಎರಡು ಸ್ವರಗಳ ಅಂತರ 0.1 ಸೆಕೆಂಡ್. ಕಿವಿಗೆ ಸ್ಪಷ್ಟ: ಎಡಗೈ ಕಾಲೆಳೆದುಕೊಂಡು ಹಿಂದೆ ಬರುತ್ತದೆ, ಹಾಡಿನ ಆಯಾಸ ಅಲ್ಲೇ ಹುಟ್ಟುತ್ತದೆ. 72ಕ್ಕೆ ಏರಿಸಿದರೆ ಅಂತರ 0.07ಕ್ಕೆ ಇಳಿದು, ಕೈ ತಪ್ಪಿದಂತೆ ಕೇಳುತ್ತದೆ. ಆ ವೇಗದಲ್ಲಿ ಸೇರಿಸುವುದೇ ವಾಸಿ.

ಬಿಡಿಸುವಾಗ ಹೆಚ್ಚಾಗಿ ಕೆಡುವುದು ಅತಿಯಾಗಿ ಬಿಡಿಸುವುದರಿಂದ. ಗಿಡ್ಡ ಸ್ವರ 11ಕ್ಕೆ ಜಾರಿ ಮುಂದಿನ ಬೀಟ್‌ಗೆ ಅಂಟಿಕೊಂಡರೆ ದುಃಖದ ಹಾಡು ಮಿಲಿಟರಿ ಬ್ಯಾಂಡ್ ಆಗುತ್ತದೆ. ನಾದ ಉಳಿಸುವ ಪೆಡಲನ್ನು ಬೀಟ್ ತಲೆಯಲ್ಲೇ ಬದಲಿಸಿ. ಗಿಡ್ಡ ಸ್ವರದಲ್ಲಿ ಬದಲಿಸಿದರೆ ಬೆರಳು ಬಿಟ್ಟ ಹಿಂದಿನ ಸ್ವರಗಳ ನಾದ ಕತ್ತರಿಸಿ ಹೋಗುತ್ತದೆ. ಸೇರಿಸುವಾಗಿನ ಅಪಾಯ ಬೇರೆ: ಎಲ್ಲ ನುಣುಪಾಗಿ, ಜೋಗುಳದಂತೆ ತೂಗತೊಡಗುತ್ತದೆ. ಪ್ರತಿ ಬೀಟ್‌ನ ಮೊದಲ ಸ್ವರಕ್ಕೆ ಎಡಗೈಯ ಭಾರ ಕೊಟ್ಟರೆ ತಡೆಯಬಹುದು.

ನನ್ನ ಆಯ್ಕೆ 50ರ ಆಸುಪಾಸು, ಬಿಡಿಸಿ. ಕೈಬರಹದ ಸಾಕ್ಷಿ ಗೊತ್ತಿದ್ದೂ ಹೀಗೇ ಹೇಳುತ್ತೇನೆ. ಆ ತೊಡರು ಹೋದರೆ ಹಾಡಿನ ಜೀವ ಹೋಗುತ್ತದೆ.

ಶ್ರುತಿಯ ವಿಷಯ ಸುಲಭ. ಕೈಬರಹ ಎಫ್ ಶಾರ್ಪ್ ಮೈನರ್, 1828ರಲ್ಲಿ ಅಚ್ಚಾದದ್ದು ಇ ಮೈನರ್. ಒಂದು ಸ್ವರ ಇಳಿದಿರುವುದರಿಂದ ಮೇಲಿನ ಸ್ಥಾಯಿಯ ಜೋರಿನ ಸಾಲುಗಳಲ್ಲಿ ಗಂಟಲು ಬಿಗಿಯುವುದು ಕಡಿಮೆ. ಗಾಯಕರದು ತೀರಾ ಎತ್ತರದ ಗಂಡು ದನಿ (ಟೆನರ್) ಅಲ್ಲದಿದ್ದರೆ ಇ ಮೈನರ್ ಸಾಕು. ಮೊದಲ ತಾಲೀಮಿಗೇ ಗಾಯಕರೊಡನೆ ಕೂತು ಲಯದ ಆಯ್ಕೆ ಮುಗಿಸಿಕೊಳ್ಳಿ. ಪಿಯಾನೋ ಬಿಡಿಸಿ, ದನಿ ಸೇರಿಸಿದರೆ ಎರಡು ಪಕ್ಷವೂ ಸೋಲುತ್ತದೆ.